ಕನ್ನಡಿಗೆ ಸಿಗದ ಬೆಳಕು

ಹೋದ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದೆ. ಬಿ.ಇ. ಎಲೆಕ್ಟ್ರಾನಿಕ್ಸ್ ಮುಗಿಸಿ ಆಗಲೇ ಎರಡು ವರ್ಷ. ಶಿವಮೊಗ್ಗದಿಂದ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಸ್ಟೇಷನ್ನಿನಲ್ಲೇ ಮುಖ ತೊಳೆದು, ಇಸ್ತ್ರಿ ಮಾಡಿದ ಚೂಡಿದಾರ್ ಸುಕ್ಕಾಗದ ಹಾಗೆ ಸಿಟಿ ಬಸ್ಸಿನಲ್ಲಿ ನಿಂತೇ ಹೋದೆ. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಂಪ್ಲಿಫೈಯರ್, ಎಡಿಸಿ, ಮೈಕ್ರೊಕಂಟ್ರೋಲರ್ ಎಲ್ಲಕ್ಕೂ ಉತ್ತರ ಹೇಳಿದೆ. ಆಮೇಲೆ ಮೂಲೆಯಲ್ಲಿ ಕುಳಿತಿದ್ದ ಹಿರಿಯ ವಿಜ್ಞಾನಿಯೊಬ್ಬರು ಕೇಳಿದರು: ‘ಗಾಮಾ ಕಿರಣಕ್ಕೆ ಒಂದು ಟೆಲಿಸ್ಕೋಪ್ ಮಾಡಬೇಕು. ನೀವಾದರೆ ಎಲ್ಲಿಂದ ಶುರು ಮಾಡ್ತೀರಿ?’

‘ದೊಡ್ಡ ಕನ್ನಡಿಯಿಂದ ಸಾರ್’ ಎಂದೆ.

ಅವರು ನಗಲಿಲ್ಲ, ಗದರಲೂ ಇಲ್ಲ. ‘ಕನ್ನಡಿಯೊಳಗಿಂದ ಅದು ತೂರಿ ಆಚೆ ಹೋಗಿಬಿಡುತ್ತಲ್ಲಮ್ಮ, ಆಗ?’ ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸವೂ ಸಿಗಲಿಲ್ಲ.

ರವೀಂದ್ರನಗರದ ಮನೆಗೆ ವಾಪಸ್ ಬಂದ ಮಾರನೇ ದಿನ ಸೋದರಮಾವ ಬಂದಿದ್ದರು. ಅವರು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿದ್ದಾರೆ. ‘ಎಂತ ಕೇಳಿದ್ರು ಪುಟ್ಟಿ?’ ಎಂದರು. ಹೇಳಿದೆ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಜೋರಾಗಿ ನಕ್ಕರು.

‘ಎಂತ ಮಾರಾಯ್ತಿ! ಅದು ಉಕ್ಕಿನೊಳಗೇ ತೂರಿ ಹೋಗ್ತದೆ, ಕನ್ನಡಿಗೆ ಸಿಗ್ತದಾ? ನಾವು ಎರಕದ ಒಳಗೆ ಬಿರುಕು ಇದೆಯಾ ಅಂತ ನೋಡೋದೇ ಗಾಮಾದಿಂದ. ಈ ಕಡೆ ಇರಿಡಿಯಂ ಇಡ್ತಾರೆ, ಆ ಕಡೆ ಫಿಲಂ ಇಡ್ತಾರೆ. ಮಧ್ಯ ಇರೋದರ ನೆರಳು ಫಿಲಂ ಮೇಲೆ ಬೀಳ್ತದೆ. ಅಷ್ಟೇ.’

ಎರಡು ವರ್ಷದ ಕೋಚಿಂಗ್ ಪುಸ್ತಕಗಳಲ್ಲಿ ಸಿಗದೇ ಇದ್ದದ್ದು ಆ ಮಾತಿನಲ್ಲಿತ್ತು. ಬೆಳಕನ್ನು ಹಿಡಿಯಲು ಆಗದಿದ್ದರೆ ನೆರಳನ್ನು ಓದಬೇಕು. ಆವತ್ತಿನಿಂದ ಆರು ತಿಂಗಳು, ಅರ್ಜಿ ಹಾಕುವುದರ ನಡುವೆ, ನಾನು ಇದೊಂದನ್ನೇ ಓದಿದೆ. ಓದುತ್ತಾ ಹೋದಂತೆ ಗೊತ್ತಾದ ಇನ್ನೊಂದು ಸಂಗತಿ ಎಂದರೆ, ಈ ಕಥೆಯ ಒಂದು ದೊಡ್ಡ ಭಾಗ ನಮ್ಮ ಕರ್ನಾಟಕದಲ್ಲೇ ನಡೆದಿದೆ. ನನ್ನಂತೆ ಸಂದರ್ಶನದಿಂದ ಬರಿಗೈಲಿ ಬಂದವರಿಗೆ ಅದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಕನ್ನಡಿ ಯಾಕೆ ಆಗದು?

ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕೆ ಇರುವ ಶಕ್ತಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್. ಮಾವನ ಫೌಂಡ್ರಿಯಲ್ಲಿ ಬಳಸುವ ಇರಿಡಿಯಂ–192ರಿಂದ ಬರುವ ಗಾಮಾ ಕಣಗಳಲ್ಲಿ ಹೆಚ್ಚಿನವಕ್ಕೆ ಸುಮಾರು 3ರಿಂದ 6 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಆಕಾಶದಿಂದ ಬರುವ ಕೆಲವು ಗಾಮಾ ಕಣಗಳ ಶಕ್ತಿ ಸಾವಿರಾರು ಕೋಟಿ ಎಲೆಕ್ಟ್ರಾನ್ ವೋಲ್ಟ್ ದಾಟುತ್ತದೆ. ಇವುಗಳ ತರಂಗಾಂತರ ಪರಮಾಣುವಿಗಿಂತ ಚಿಕ್ಕದು. ನಮಗೆ ನುಣುಪಾಗಿ ಕಾಣುವ ಕನ್ನಡಿ, ಗಾಮಾ ಕಣದ ಪಾಲಿಗೆ ದೂರ ದೂರ ನೆಟ್ಟ ಅಡಿಕೆ ತೋಟವಿದ್ದ ಹಾಗೆ. ಮರಗಳ ಸಾಲಿನ ನಡುವೆ ನುಗ್ಗಿ ಆಚೆ ಹೋಗುತ್ತದೆ. ಎಲ್ಲೋ ಒಮ್ಮೆ ಒಂದು ಮರಕ್ಕೆ ಡಿಕ್ಕಿ ಹೊಡೆದರೆ ಅಲ್ಲಿಗೇ ಅದರ ಕಥೆ ಮುಗಿಯಿತು. ಪ್ರತಿಫಲಿಸಿ ವಾಪಸ್ ಬರುವ ಮಾತೇ ಇಲ್ಲ.

ಇನ್ನೊಂದು ತೊಡಕು ನಮ್ಮ ವಾತಾವರಣ. ನಮ್ಮ ತಲೆ ಮೇಲಿನ ಗಾಳಿಯ ಹೊದಿಕೆ ಆಕಾಶದ ಗಾಮಾ ಕಿರಣಗಳನ್ನು ನೆಲಕ್ಕೆ ಬರದಂತೆ ತಡೆಯುತ್ತದೆ. ನಮ್ಮ ಜೀವಕ್ಕೆ ಅದು ಒಳ್ಳೆಯದೇ, ಖಗೋಳ ವಿಜ್ಞಾನಿಗೆ ಮಾತ್ರ ಕಷ್ಟ. ಹಾಗಾಗಿ ಉಪಕರಣವನ್ನು ಬಲೂನಿನಲ್ಲಿ ತುಂಬಾ ಎತ್ತರಕ್ಕೆ ಕಳಿಸಬೇಕು, ಇಲ್ಲವೇ ಉಪಗ್ರಹದಲ್ಲಿ ವಾತಾವರಣದಿಂದಲೇ ಆಚೆ ಇಡಬೇಕು. 1961ರಲ್ಲಿ ಅಮೆರಿಕದ ಎಕ್ಸ್‌ಪ್ಲೋರರ್–11 ಎಂಬ ಉಪಗ್ರಹ ಮೊದಲ ಬಾರಿಗೆ ಗಾಮಾ ದೂರದರ್ಶಕವನ್ನು ಕಕ್ಷೆಗೆ ಒಯ್ದಿತು. ತನ್ನ ಇಡೀ ಆಯುಷ್ಯದಲ್ಲಿ ಅದು ಖಚಿತವಾಗಿ ಗುರುತಿಸಿದ್ದು 22 ಗಾಮಾ ಕಣಗಳನ್ನು. ಆ ಇಪ್ಪತ್ತೆರಡರಿಂದ ಒಂದು ಹೊಸ ಖಗೋಳ ವಿಜ್ಞಾನ ಶುರುವಾಯಿತು.

ಸೋಗೆ ಚಪ್ಪರದ ನೆರಳು

ಹಾಗಾದರೆ ವಿನ್ಯಾಸ ಹೇಗೆ? ಗಾಮಾ ಕಣ ವಸ್ತುವಿನೊಡನೆ ಮೂರು ರೀತಿಯಲ್ಲಿ ವ್ಯವಹರಿಸುತ್ತದೆ. ಶಕ್ತಿ ಕಡಿಮೆ ಇದ್ದರೆ ಪರಮಾಣುವಿನ ಒಂದು ಎಲೆಕ್ಟ್ರಾನಿಗೆ ತನ್ನ ಶಕ್ತಿಯನ್ನೆಲ್ಲ ಕೊಟ್ಟು ಮಾಯವಾಗುತ್ತದೆ. ಮಧ್ಯಮ ಶಕ್ತಿಯಾದರೆ ಕೇರಂ ಬೋರ್ಡಿನ ಸ್ಟ್ರೈಕರಿನಂತೆ ಎಲೆಕ್ಟ್ರಾನಿಗೆ ಹೊಡೆದು, ಸ್ವಲ್ಪ ಶಕ್ತಿ ಕಳೆದುಕೊಂಡು ದಿಕ್ಕು ಬದಲಿಸುತ್ತದೆ. ಇದಕ್ಕೆ ಕಾಂಪ್ಟನ್ ಚದುರುವಿಕೆ ಎಂದು ಹೆಸರು. ಶಕ್ತಿ ತುಂಬಾ ಹೆಚ್ಚಿದ್ದರೆ ಒಂದು ಎಲೆಕ್ಟ್ರಾನ್ ಮತ್ತು ಒಂದು ಪಾಸಿಟ್ರಾನ್ ಆಗಿ ಒಡೆದುಕೊಳ್ಳುತ್ತದೆ. ಯಾವ ಶಕ್ತಿಯ ಕಿರಣ ಬೇಕು ಎಂದು ಮೊದಲು ತೀರ್ಮಾನಿಸಬೇಕು. ಉಪಕರಣದ ಆಕಾರ ಅದರಿಂದಲೇ ನಿರ್ಧಾರವಾಗುತ್ತದೆ.

ಕಡಿಮೆ ಶಕ್ತಿಯವಕ್ಕೆ ಮಾವ ಹೇಳಿದ ನೆರಳಿನ ಉಪಾಯ ಸಾಕು. ಮದುವೆ ಮನೆಯ ಅಂಗಳದಲ್ಲಿ ಅಡಿಕೆ ಸೋಗೆಯ ಚಪ್ಪರ ಹಾಕಿರುತ್ತಾರೆ. ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕೆಗಳು ಬೆಳಿಗ್ಗೆ ಒಂದು ಕಡೆ ಇದ್ದರೆ ಮಧ್ಯಾಹ್ನ ಇನ್ನೊಂದು ಕಡೆ ಸರಿದಿರುತ್ತವೆ. ಸೋಗೆಯ ಸಂದುಗಳು ಎಲ್ಲೆಲ್ಲಿವೆ ಎಂದು ನಿಮಗೆ ಮೊದಲೇ ಗೊತ್ತಿದ್ದರೆ, ತಲೆ ಎತ್ತದೆ ನೆಲದ ಚುಕ್ಕೆಗಳನ್ನು ನೋಡಿಯೇ ಸೂರ್ಯ ಎಲ್ಲಿದ್ದಾನೆ ಎಂದು ಹೇಳಬಹುದು. ‘ಕೋಡೆಡ್ ಮಾಸ್ಕ್’ ದೂರದರ್ಶಕ ಮಾಡುವುದು ಇದನ್ನೇ. ಲೋಹದ ಹಾಳೆಯಲ್ಲಿ ಲೆಕ್ಕಾಚಾರದಿಂದ ಕತ್ತರಿಸಿದ ಕಿಂಡಿಗಳು, ಕೆಳಗೆ ಸಾವಿರಾರು ಪಿಕ್ಸೆಲ್‌ಗಳ ಡಿಟೆಕ್ಟರ್. ಬಿದ್ದ ನೆರಳಿನಿಂದ ಕಂಪ್ಯೂಟರ್ ಆಕಾಶದ ಚಿತ್ರವನ್ನು ಲೆಕ್ಕ ಹಾಕಿ ತೆಗೆಯುತ್ತದೆ.

ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಇಂಥ ಉಪಕರಣವಿದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಈ ಉಪಗ್ರಹವನ್ನು ಜೋಡಿಸಿ ಪರೀಕ್ಷಿಸಿದ್ದು ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ, ಅಂದರೆ ಈಗಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅದರಲ್ಲಿರುವ ‘ಸಿಝಡ್‌ಟಿಐ’ ಎಂಬ ಉಪಕರಣದ ಹೃದಯ ಕ್ಯಾಡ್ಮಿಯಂ ಝಿಂಕ್ ಟೆಲ್ಯುರೈಡ್ ಎಂಬ ಅರೆವಾಹಕ. ಒಟ್ಟು 64 ತುಂಡುಗಳು, ಪ್ರತಿಯೊಂದರಲ್ಲೂ 256 ಪಿಕ್ಸೆಲ್, ಸೇರಿಸಿದರೆ 16,384. ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಟ್ಯಾಂಟಲಂ ಲೋಹದ ಮಾಸ್ಕ್. ಎಲ್ಲಾ ಸೇರಿ ಡಿಟೆಕ್ಟರಿನ ವಿಸ್ತಾರ ಸುಮಾರು ಒಂದು ಚದರ ಅಡಿ. ನಮ್ಮ ಅಡುಗೆಮನೆಯ ಒಂದು ಟೈಲ್ಸಿನಷ್ಟು ಜಾಗದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಪುಣೆಯ ಐಯುಸಿಎಎ, ಅಹಮದಾಬಾದ್, ತಿರುವನಂತಪುರ ಮತ್ತು ಬೆಂಗಳೂರಿನ ಕೇಂದ್ರಗಳ ವರ್ಷಗಟ್ಟಲೆ ದುಡಿಮೆ ಇದೆ.

ಬೇಡದ್ದನ್ನು ಹೊರಗಿಡುವ ಕಲೆ

ಹೆಚ್ಚು ಶಕ್ತಿಯ ಕಿರಣಗಳಿಗೆ ಮಾಸ್ಕ್ ನಡೆಯುವುದಿಲ್ಲ, ಅವು ಮಾಸ್ಕನ್ನೂ ತೂರುತ್ತವೆ. 2008ರ ಜೂನ್ 11ರಂದು ಹಾರಿದ ನಾಸಾದ ಫರ್ಮಿ ದೂರದರ್ಶಕದಲ್ಲಿ ಬೇರೆ ಉಪಾಯ. ತೆಳು ಟಂಗ್‌ಸ್ಟನ್ ಹಾಳೆಗಳನ್ನೂ ಸಿಲಿಕಾನ್ ಪಟ್ಟಿಗಳನ್ನೂ ಒಂದರ ಮೇಲೊಂದು ಪೇರಿಸಿದ 16 ಗೋಪುರಗಳು. ಗಾಮಾ ಕಣ ಯಾವುದೋ ಟಂಗ್‌ಸ್ಟನ್ ಹಾಳೆಯಲ್ಲಿ ಒಡೆದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗುತ್ತದೆ. ಆ ಜೋಡಿ ಕೆಳಗೆ ಇಳಿಯುತ್ತಾ ಸಿಲಿಕಾನ್ ಪದರಗಳಲ್ಲಿ ಹೆಜ್ಜೆ ಗುರುತು ಬಿಡುತ್ತದೆ. ಹೆಜ್ಜೆಗಳನ್ನು ಹಿಂದಕ್ಕೆ ಜೋಡಿಸಿದರೆ ಕಣ ಬಂದ ದಿಕ್ಕು ಸಿಗುತ್ತದೆ. ತಳದಲ್ಲಿರುವ ಸೀಸಿಯಂ ಅಯೋಡೈಡ್ ಹರಳುಗಳು ಶಕ್ತಿಯನ್ನು ಅಳೆಯುತ್ತವೆ.

ಓದುವಾಗ ಇದು ಸರಳ ಅನ್ನಿಸಿತ್ತು. ಆಮೇಲೆ ನಿಜವಾದ ಕಷ್ಟ ಗೊತ್ತಾಯಿತು. ಬಾಹ್ಯಾಕಾಶದಲ್ಲಿ ಒಂದು ಗಾಮಾ ಕಣ ಬರುವಷ್ಟರಲ್ಲಿ ಸಾವಿರಾರು ಕಾಸ್ಮಿಕ್ ಕಣಗಳು ಡಿಟೆಕ್ಟರಿಗೆ ಬಂದು ಬಡಿಯುತ್ತವೆ. ಅವೂ ಹೆಜ್ಜೆ ಗುರುತು ಬಿಡುತ್ತವೆ. ಹಾಗಾಗಿ ಗಾಮಾ ದೂರದರ್ಶಕದ ವಿನ್ಯಾಸದಲ್ಲಿ ಅರ್ಧ ಕೆಲಸ ಬೇಕಾದದ್ದನ್ನು ಹಿಡಿಯುವುದಾದರೆ, ಇನ್ನರ್ಧ ಬೇಡದ್ದನ್ನು ಗುರುತಿಸಿ ಹೊರಗಿಡುವುದು. ಇದಕ್ಕಾಗಿ ಉಪಕರಣದ ಸುತ್ತ ಪ್ಲಾಸ್ಟಿಕ್ ಸಿಂಟಿಲೇಟರಿನ ಹೊದಿಕೆ ಹಾಕುತ್ತಾರೆ. ಕಾಸ್ಮಿಕ್ ಕಣಕ್ಕೆ ವಿದ್ಯುದಾವೇಶ ಇರುವುದರಿಂದ ಹೊದಿಕೆಯನ್ನು ದಾಟುವಾಗ ಮಿಂಚು ಹುಟ್ಟುತ್ತದೆ. ಗಾಮಾ ಕಣಕ್ಕೆ ಆವೇಶವಿಲ್ಲ, ಸದ್ದಿಲ್ಲದೆ ಒಳಗೆ ಬರುತ್ತದೆ. ‘ಹೊದಿಕೆ ಮಿಂಚಿತೇ? ಹಾಗಾದರೆ ಇದನ್ನು ಬಿಡು’ ಎಂಬುದು ನಿಯಮ.

ಫರ್ಮಿಗಿಂತ ಮೊದಲು, 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯದ ‘ಎಗ್ರೆಟ್’ ಉಪಕರಣದಲ್ಲಿ ಈ ಹೊದಿಕೆ ಒಂದೇ ತುಂಡಾಗಿತ್ತು. ಅಲ್ಲೊಂದು ಎಡವಟ್ಟಾಯಿತು. ತುಂಬಾ ಶಕ್ತಿಯ ಗಾಮಾ ಕಣ ತಳದ ಹರಳಿಗೆ ಬಡಿದಾಗ ಕೆಲವು ಚೂರು ಕಣಗಳು ಮೇಲಕ್ಕೆ ಸಿಡಿದು ಹೊದಿಕೆಯನ್ನು ಮಿಂಚಿಸುತ್ತಿದ್ದವು. ಉಪಕರಣ ಅದನ್ನು ಕಾಸ್ಮಿಕ್ ಕಣ ಎಂದುಕೊಂಡು ತಳ್ಳಿಹಾಕುತ್ತಿತ್ತು. ಅತಿ ಹೆಚ್ಚು ಶಕ್ತಿಯ, ಅತಿ ಅಪರೂಪದ ಅಭ್ಯರ್ಥಿಗಳೇ ತಿರಸ್ಕೃತ! ಫರ್ಮಿಯ ವಿನ್ಯಾಸಕರು ಇದರಿಂದ ಪಾಠ ಕಲಿತು ಹೊದಿಕೆಯನ್ನು 89 ಬಿಲ್ಲೆಗಳಾಗಿ ಕತ್ತರಿಸಿದರು. ಯಾವ ಬಿಲ್ಲೆ ಮಿಂಚಿತು, ಕಣ ಬಂದ ದಾರಿಯಲ್ಲಿ ಆ ಬಿಲ್ಲೆ ಇದೆಯೇ ಎಂದು ನೋಡಿ ಆಮೇಲೆ ತೀರ್ಮಾನ. ನೂರಾರು ಅರ್ಜಿ ಹಾಕಿ ‘ನಾಟ್ ಶಾರ್ಟ್‌ಲಿಸ್ಟೆಡ್’ ಎಂಬ ಮೇಲ್ ಓದಿದ ನಮಗೆ ಈ ಪ್ಯಾರಾ ಎರಡು ಸಲ ಓದಬೇಕೆನಿಸುತ್ತದೆ.

ಕಾಸ್ಮಿಕ್ ಕಣಗಳ ಈ ಕಾಟವನ್ನು ಕನ್ನಡ ನಾಡಿನವರು ಮೊದಲೇ ಬಲ್ಲರು. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಟಾಟಾ ಸಂಸ್ಥೆಗೆ ಸೇರಿದ ಹೊಸದರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಇಳಿದು, ಬೇರೆ ಬೇರೆ ಆಳದಲ್ಲಿ ಕಾಸ್ಮಿಕ್ ಕಿರಣದ ಕಣಗಳನ್ನು ಅಳೆದವರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ನಮ್ಮಲ್ಲಿ ಎಕ್ಸ್ ಕಿರಣ, ಗಾಮಾ ಕಿರಣ ಖಗೋಳ ವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಅವರೂ ಒಬ್ಬರು.

ನಾಲ್ಕು ಸಲ ಕಟ್ಟಿದ ಪೆಟ್ಟಿಗೆ

ಇಲ್ಲಿಂದ ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹದ ಬಗ್ಗೆ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ನಾವೆಲ್ಲ ಓದಿದ್ದೇವೆ. ಪರೀಕ್ಷೆಗೆ ದಿನಾಂಕ ಬೇಕು, ಅಷ್ಟಕ್ಕೇ ಬಿಟ್ಟಿದ್ದೇವೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಕಟ್ಟಿದ 360 ಕೆ.ಜಿ.ಯ ಆ ಉಪಗ್ರಹದಲ್ಲಿ ಇದ್ದದ್ದೇನು? ಎಕ್ಸ್ ಕಿರಣ ಖಗೋಳದ ಒಂದು ಉಪಕರಣ, ಸೂರ್ಯನಿಂದ ಬರುವ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳನ್ನು ಹುಡುಕುವ ಇನ್ನೊಂದು, ಮೇಲಿನ ವಾತಾವರಣದ ಅಧ್ಯಯನಕ್ಕೆ ಮತ್ತೊಂದು. ಅಂದರೆ ನಮ್ಮ ದೇಶದ ಮೊದಲ ಉಪಗ್ರಹವೇ ಗಾಮಾ ಕಿರಣಕ್ಕೆ ಕಣ್ಣಿಟ್ಟಿತ್ತು. ಐದನೇ ದಿನ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಆ ಪ್ರಯೋಗಗಳು ನಿಂತುಹೋದವು.

ಆಮೇಲೆ ಬೆಂಗಳೂರಿನ ಅದೇ ಕೇಂದ್ರ ‘ಗಾಮಾ ಕಿರಣ ಸ್ಫೋಟ’ಗಳನ್ನು ಹಿಡಿಯುವ ಒಂದು ಉಪಕರಣವನ್ನು ಕೈಗೆತ್ತಿಕೊಂಡಿತು. ಈ ಸ್ಫೋಟಗಳ ಕಥೆಯೂ ವಿಚಿತ್ರ. ಕದ್ದುಮುಚ್ಚಿ ನಡೆಸುವ ಅಣುಬಾಂಬ್ ಪರೀಕ್ಷೆಗಳನ್ನು ಪತ್ತೆ ಮಾಡಲು ಅಮೆರಿಕ ಕಳಿಸಿದ್ದ ವೇಲಾ ಉಪಗ್ರಹಗಳಿಗೆ 1967ರಲ್ಲಿ ಭೂಮಿಯದಲ್ಲದ ಒಂದು ಗಾಮಾ ಮಿಂಚು ಕಂಡಿತು. ಅದು ಲೋಕಕ್ಕೆ ಗೊತ್ತಾಗಿದ್ದು 1973ರಲ್ಲಿ. ದೂರದ ಗ್ಯಾಲಕ್ಸಿಯಲ್ಲಿ ದೈತ್ಯ ನಕ್ಷತ್ರ ಕುಸಿದಾಗ, ಇಲ್ಲವೇ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಇಂಥ ಮಿಂಚು ಹೊರಡುತ್ತದೆ ಎಂದು ಈಗ ತಿಳಿದಿದೆ. ಎಲ್ಲಿಂದ, ಯಾವಾಗ ಬರುತ್ತದೆ ಎಂದು ಮೊದಲೇ ಹೇಳಲಾಗದು. ಕೆಲವು ಕ್ಷಣ ಇದ್ದು ಹೋಗಿಬಿಡುತ್ತದೆ. ಅದಕ್ಕೆ ತಕ್ಕ ವಿನ್ಯಾಸ ಬೇಕು. ಸೀಸಿಯಂ ಅಯೋಡೈಡ್ ಹರಳೊಂದು ಸದಾ ಎಚ್ಚರವಿರಬೇಕು, ಎಣಿಕೆ ಇದ್ದಕ್ಕಿದ್ದಂತೆ ಏರಿದರೆ ಆ ಕ್ಷಣದ್ದನ್ನೂ ಅದಕ್ಕೆ ಸ್ವಲ್ಪ ಮುಂಚಿನದ್ದನ್ನೂ ಮೆಮೊರಿಯಲ್ಲಿ ಉಳಿಸಿಕೊಳ್ಳಬೇಕು.

ಆ ಪೆಟ್ಟಿಗೆಯನ್ನು ಸ್ರಾಸ್ ಸರಣಿಯ ಪುಟ್ಟ ಉಪಗ್ರಹಗಳಲ್ಲಿ ಕಳಿಸುವುದೆಂದು ನಿರ್ಧಾರವಾಯಿತು. ಮೊದಲ ಪ್ರಯತ್ನ 1987ರ ಮಾರ್ಚ್ 24. ಎಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತ ಹೊತ್ತಿಕೊಳ್ಳಲೇ ಇಲ್ಲ. ಉಪಗ್ರಹ, ಉಪಕರಣ ಎಲ್ಲಾ ಹೋಯಿತು. ಮತ್ತೆ ಕಟ್ಟಿದರು. 1988ರ ಜುಲೈ 13ರಂದು ಎರಡನೇ ರಾಕೆಟ್ಟೂ ವಿಫಲವಾಯಿತು. ಮತ್ತೆ ಕಟ್ಟಿದರು. 1992ರ ಮೇ 20ರಂದು ರಾಕೆಟ್ ಮೇಲೇರಿತು, ಆದರೆ ಅಂದುಕೊಂಡದ್ದಕ್ಕಿಂತ ತಗ್ಗಿನ ಕಕ್ಷೆ. ಎರಡು ತಿಂಗಳು ತುಂಬುವ ಮೊದಲೇ, ಜುಲೈ 14ಕ್ಕೆ, ಸ್ರಾಸ್–ಸಿ ವಾತಾವರಣಕ್ಕೆ ಬಿದ್ದು ಸುಟ್ಟುಹೋಯಿತು. ಮತ್ತೂ ಕಟ್ಟಿದರು. 1994ರ ಮೇ 4ರಂದು ಹಾರಿದ ಸ್ರಾಸ್–ಸಿ2 ಕೊನೆಗೂ ಸರಿಯಾಗಿ ಕಕ್ಷೆಯಲ್ಲಿ ನಿಂತಿತು. ಅದು ವರ್ಷಗಟ್ಟಲೆ ಕೆಲಸ ಮಾಡಿ ಹತ್ತಾರು ಗಾಮಾ ಸ್ಫೋಟಗಳನ್ನು ದಾಖಲಿಸಿತು.

ಈ ಪ್ರಯೋಗದಲ್ಲಿ ತೊಡಗಿದ್ದವರಲ್ಲಿ ಒಬ್ಬರು ಕೆ. ಕಸ್ತೂರಿರಂಗನ್. ಸ್ರಾಸ್–ಸಿ2 ಹಾರಿದ ವರ್ಷವೇ ಅವರು ಇಸ್ರೊ ಅಧ್ಯಕ್ಷರಾದರು. ಇನ್ನೊಬ್ಬರು ಎಸ್. ಸೀತಾ. ಮುಂದೆ ಅವರು ಇಸ್ರೊದ ಬಾಹ್ಯಾಕಾಶ ವಿಜ್ಞಾನ ಕಾರ್ಯಕ್ರಮ ಕಚೇರಿಯನ್ನು ಮುನ್ನಡೆಸಿದರು. 1987ರಿಂದ 1994ರವರೆಗಿನ ಏಳು ವರ್ಷಗಳನ್ನು ನಾನು ನನ್ನ ಎರಡು ವರ್ಷಗಳ ಪಕ್ಕ ಇಟ್ಟು ನೋಡಿದೆ. ಅವರ ಕೈಯಲ್ಲಿ ಕೆಲಸವಿತ್ತು, ಸಂಬಳವಿತ್ತು ಎನ್ನಬಹುದು. ನಿಜವೇ. ಆದರೂ ತಾನು ಕಟ್ಟಿದ್ದು ಸಮುದ್ರದ ಪಾಲಾದ ಮಾರನೇ ದಿನ ಅದೇ ಮೇಜಿಗೆ ಬಂದು ಅದೇ ಸರ್ಕ್ಯೂಟನ್ನು ಮತ್ತೆ ಬೆಸುಗೆ ಹಾಕಲು ಕೂರುವುದು ಸುಲಭವಲ್ಲ.

ಸೋರುವ ಗೋಡೆಯ ಲಾಭ

ಆಸ್ಟ್ರೋಸ್ಯಾಟ್ ವಿನ್ಯಾಸದ ಎರಡು ಸಂಗತಿಗಳನ್ನು ಹೇಳಲೇಬೇಕು. ಮೊದಲನೆಯದು ಕಕ್ಷೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಭೂಮಿಯ ಕಾಂತಕ್ಷೇತ್ರ ದುರ್ಬಲವಾಗಿದ್ದು, ಅಲ್ಲಿ ಆವೇಶದ ಕಣಗಳು ತುಂಬಿಕೊಂಡಿವೆ. ಆ ಜಾಗ ದಾಟುವಾಗ ಡಿಟೆಕ್ಟರುಗಳು ಕುರುಡಾಗುತ್ತವೆ. ಅದಕ್ಕಾಗಿ ಆಸ್ಟ್ರೋಸ್ಯಾಟನ್ನು ಸಮಭಾಜಕ ವೃತ್ತಕ್ಕೆ ಬರೀ 6 ಡಿಗ್ರಿ ಓರೆಯಾಗಿ, 650 ಕಿ.ಮೀ. ಎತ್ತರದಲ್ಲಿ ಇಟ್ಟರು. ಆ ಕೆಟ್ಟ ಜಾಗದ ಅಂಚು ಮಾತ್ರ ತಾಗುತ್ತದೆ. ಎಲ್ಲಿ ಕುಳಿತು ನೋಡಬೇಕು ಎಂಬ ಆಯ್ಕೆಯೂ ದೂರದರ್ಶಕದ ಒಂದು ಭಾಗವೇ.

ಎರಡನೆಯದು ಗೋಡೆ. ಸಿಝಡ್‌ಟಿಐ ಡಿಟೆಕ್ಟರಿನ ಸುತ್ತ ಅಕ್ಕಪಕ್ಕದ ಕಿರಣಗಳನ್ನು ತಡೆಯುವ ಗೋಡೆಗಳಿವೆ. ಆದರೆ 1 ಲಕ್ಷ ಎಲೆಕ್ಟ್ರಾನ್ ವೋಲ್ಟ್ ದಾಟಿದ ಕಿರಣಗಳಿಗೆ ಈ ಗೋಡೆಗಳು ಪಾರದರ್ಶಕವಾಗುತ್ತಾ ಹೋಗುತ್ತವೆ. ಮಳೆಗಾಲದಲ್ಲಿ ಹೆಂಚು ಸೋರುವ ಮನೆಯವರಿಗೆ ಇದು ದೋಷ ಅನ್ನಿಸೀತು. ಸ್ಫೋಟ ಹುಡುಕುವವರಿಗೆ ಅದೇ ವರವಾಯಿತು. ಉಪಕರಣ ಯಾವ ಕಡೆ ಮುಖ ಮಾಡಿದ್ದರೂ, ಭೂಮಿ ಮರೆಮಾಡದ ಆಕಾಶದ ಯಾವ ಭಾಗದಿಂದಲೂ ಗಾಮಾ ಮಿಂಚು ಒಳಗೆ ಬರಬಹುದು. ಕೆಲಸ ಶುರು ಮಾಡಿದ ಮೊದಲ ದಿನವೇ, 2015ರ ಅಕ್ಟೋಬರ್ 6ರಂದು, ಅದು ಒಂದು ಸ್ಫೋಟವನ್ನು ಹಿಡಿಯಿತು. 2022ರ ಹೊತ್ತಿಗೆ ಎಣಿಕೆ 500 ಮುಟ್ಟಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಾಮಾ ಕಣ ಒಂದು ಪಿಕ್ಸೆಲ್‌ನಲ್ಲಿ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಪಕ್ಕದ ಪಿಕ್ಸೆಲ್‌ಗೆ ಜಿಗಿದರೆ ಒಟ್ಟಿಗೇ ಎರಡು ಗುರುತು ಸಿಗುತ್ತವೆ. ಯಾವ ದಿಕ್ಕಿಗೆ ಜಿಗಿತ ಹೆಚ್ಚು ಎಂದು ಎಣಿಸಿದರೆ ಬೆಳಕಿನ ಧ್ರುವೀಕರಣ ಗೊತ್ತಾಗುತ್ತದೆ. ಇದರಿಂದ ಕ್ರ್ಯಾಬ್ ಪಲ್ಸರ್‌ನ ಧ್ರುವೀಕರಣವನ್ನು ಅಳೆದ ಫಲಿತಾಂಶ 2017ರಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ಬಂತು. ಈ ಉಪಾಯದ ಇನ್ನೊಂದು ರೂಪ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿದೆ. 2024ರ ಜನವರಿ 1ರಂದು ಹಾರಿದ ಅದರ ಮುಖ್ಯ ಉಪಕರಣ ‘ಪೋಲಿಕ್ಸ್’ ಅನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಗಾಮಾಗಿಂತ ಕಡಿಮೆ ಶಕ್ತಿಯ ಎಕ್ಸ್ ಕಿರಣಗಳನ್ನು ಮೊದಲು ಚದುರಿಸಿ, ಸುತ್ತಲಿನ ನಾಲ್ಕು ಡಿಟೆಕ್ಟರುಗಳಲ್ಲಿ ಎಣಿಸುವ ವಿನ್ಯಾಸ ಅದು.

ಕಾಣದೇ ಇರುವುದೂ ಮಾಹಿತಿಯೇ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ಗುರುತ್ವ ಅಲೆ ಭೂಮಿಗೆ ತಲುಪಿ, 1.7 ಸೆಕೆಂಡಿನ ನಂತರ ಫರ್ಮಿಗೆ ಗಾಮಾ ಮಿಂಚು ಕಂಡಿತು. ಆಸ್ಟ್ರೋಸ್ಯಾಟ್‌ಗೆ ಕಾಣಲಿಲ್ಲ. ಆ ಗಳಿಗೆಯಲ್ಲಿ ಡಿಕ್ಕಿಯ ಜಾಗ ಅದರ ಪಾಲಿಗೆ ಭೂಮಿಯ ಮರೆಯಲ್ಲಿತ್ತು. ಇದಕ್ಕೆ ಪರಿಹಾರವೆಂಬಂತೆ ಭಾರತದ ವಿಜ್ಞಾನಿಗಳು ‘ದಕ್ಷ’ ಎಂಬ ಯೋಜನೆಯನ್ನು ಮುಂದಿಟ್ಟಿದ್ದಾರೆ. ಭೂಮಿಯ ಆ ಬದಿಗೊಂದು ಈ ಬದಿಗೊಂದು ಎರಡು ಉಪಗ್ರಹ ಇಟ್ಟು ಇಡೀ ಆಕಾಶಕ್ಕೆ ಕಣ್ಣಿಡುವ ಪ್ರಸ್ತಾವ ಅದು.

ನಮಗೆ ಇಲ್ಲಿ ಜಾಗ ಎಲ್ಲಿದೆ?

‘ಇದೆಲ್ಲ ಐಐಟಿಯವರಿಗೆ’ ಎಂದು ನಾನೂ ಅಂದುಕೊಂಡಿದ್ದೆ. ಒಂದು ಉಪಕರಣದೊಳಗೆ ಏನೇನು ಕೆಲಸ ಇದೆ ಎಂದು ಪಟ್ಟಿ ಮಾಡಿದಾಗ ಆ ಭಯ ಕಡಿಮೆಯಾಯಿತು. ಹರಳಿನಿಂದ ಬರುವ ಪುಟ್ಟ ವಿದ್ಯುತ್ ಮಿಡಿತವನ್ನು ಹಿಗ್ಗಿಸಲು ಎಲೆಕ್ಟ್ರಾನಿಕ್ಸ್‌ನವರು ಬೇಕು. ರಾಕೆಟ್ಟಿನ ನಡುಕಕ್ಕೆ ಹರಳು ಬಿರುಕು ಬಿಡದಂತೆ ಕೂರಿಸಲು, ಬಿಸಿಲು ನೆರಳಿನ ನಡುವೆ ಡಿಟೆಕ್ಟರಿನ ತಾಪ ಕಾಯಲು ಮೆಕ್ಯಾನಿಕಲ್‌ನವರು ಬೇಕು. ನೆರಳಿನಿಂದ ಚಿತ್ರ ತೆಗೆಯಲು ಗಣಿತ, ಕಂಪ್ಯೂಟರ್ ಸೈನ್ಸ್ ಓದಿದವರು ಬೇಕು. ಬೆಸುಗೆ, ಯಂತ್ರಗಾರಿಕೆ, ಪರೀಕ್ಷೆಗೆ ಐಟಿಐ, ಡಿಪ್ಲೊಮಾದವರು ಬೇಕು. ಇಸ್ರೊ ಎಂಜಿನಿಯರಿಂಗ್ ಪದವೀಧರರನ್ನು ‘ಸೈಂಟಿಸ್ಟ್/ಎಂಜಿನಿಯರ್–ಎಸ್‌ಸಿ’ ಹುದ್ದೆಗೂ, ಡಿಪ್ಲೊಮಾದವರನ್ನು ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೂ, ಐಟಿಐ ಆದವರನ್ನು ಟೆಕ್ನಿಷಿಯನ್ ಹುದ್ದೆಗೂ ತೆಗೆದುಕೊಳ್ಳುತ್ತದೆ. ಸಂಶೋಧನೆಗೆ ಹೋಗುವವರು ‘ಜೆಸ್ಟ್’ ಪರೀಕ್ಷೆ ಬರೆಯಬಹುದು. ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಗೋಳ ಭೌತ ಸಂಸ್ಥೆ ಎರಡೂ ಬೆಂಗಳೂರಿನಲ್ಲೇ ಇವೆ.

ಕೆಲಸ ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. ಆಸ್ಟ್ರೋಸ್ಯಾಟ್ ಕಳಿಸುವ ದತ್ತಾಂಶವನ್ನು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿರುವ ಇಸ್ರೊ ಕೇಂದ್ರದಲ್ಲಿ ಕಾಪಿಡುತ್ತಾರೆ. 2018ರಿಂದ ಅದರ ಭಂಡಾರ ಎಲ್ಲರಿಗೂ ತೆರೆದಿದೆ. ಹೆಸರು ನೋಂದಾಯಿಸಿದರೆ ಸಾಕು, ಹಣ ಕೊಡಬೇಕಿಲ್ಲ. ಫರ್ಮಿಯ ದತ್ತಾಂಶವೂ ಹೀಗೇ ಮುಕ್ತ. ನಾನು 2016ರ ಆಗಸ್ಟ್ 21ರ ಒಂದು ಪ್ರಖರ ಸ್ಫೋಟದ ಕಡತವನ್ನು ಇಳಿಸಿಕೊಂಡೆ. ತೆರೆಯಲು ಬರಲಿಲ್ಲ. ಮೂರು ದಿನ ತಪ್ಪು ಮಾಡಿ ಮಾಡಿ ಪೈಥಾನ್‌ನಲ್ಲಿ ಕೆಲವು ಸಾಲು ಬರೆದು, ಸೆಕೆಂಡಿಗೆ ಎಷ್ಟು ಎಣಿಕೆ ಎಂಬ ಗ್ರಾಫ್ ತೆಗೆದೆ. ಕರೆಂಟು ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಕೊನೆಯಲ್ಲಿದ್ದಾಗ ಪರದೆಯ ಮೇಲೆ ಸಮತಟ್ಟಾದ ಗೆರೆ, ಅದರ ನಡುವೆ ದೇವಸ್ಥಾನದ ಗೋಪುರದ ಹಾಗೆ ಒಂದು ಏರು ಮೂಡಿತು. ಸೂರ್ಯ, ಭೂಮಿ ಹುಟ್ಟುವ ಮೊದಲೇ ಎಲ್ಲೋ ಹೊರಟ ಬೆಳಕಿರಬಹುದು. ಅಮ್ಮನನ್ನು ಎಬ್ಬಿಸಿ ತೋರಿಸಿದೆ. ‘ಚೆನ್ನಾಗಿದೆ, ಮಲ್ಕೋ’ ಎಂದರು.

ಮಾವನಿಗೂ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ಅಕ್ಕಪಕ್ಕ ಈ ಸಣ್ಣ ಸಣ್ಣ ಏರಿಳಿತ ಎಂತದು?’ ಎಂದು ಕೇಳಿದರು. ‘ಹಿನ್ನೆಲೆ ಗದ್ದಲ ಮಾವ, ಕಾಸ್ಮಿಕ್ ಕಣದ್ದು’ ಎಂದೆ. ‘ಗದ್ದಲ ಅಂತ ಹೆಂಗೆ ಹೇಳ್ತೀಯ? ನಮ್ಮಲ್ಲಿ ಫಿಲಂ ಮೇಲೆ ಕಲೆ ಕಂಡ್ರೆ, ಅದು ಎರಕದ ಬಿರುಕಾ, ಫಿಲಂ ತೊಳೆಯೋವಾಗ ಆದ ಕಲೆಯಾ ಅಂತ ಎರಡು ಸಲ ನೋಡ್ದೆ ಸಹಿ ಹಾಕೋ ಹಾಗಿಲ್ಲ’ ಎಂದರು. ಆ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೆರಡು ವಾರ ಬೇಕಾಯಿತು. ಸಂದರ್ಶನದಲ್ಲಿ ಕೇಳಿದ್ದಕ್ಕಿಂತ ಒಳ್ಳೆಯ ಪ್ರಶ್ನೆ ಅದು.

ಈಗ ಸಂಜೆ ಹೊತ್ತು ನಮ್ಮ ಬೀದಿಯ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಬೆಳಿಗ್ಗೆ ಜೆಸ್ಟ್‌ಗೆ ಓದುತ್ತೇನೆ. ಹೋದ ತಿಂಗಳು ಇನ್ನೊಂದು ಸಂಸ್ಥೆಯಲ್ಲಿ ಸಂದರ್ಶನವಿತ್ತು. ಗಾಮಾ ಕಿರಣದ ಬಗ್ಗೆ ಯಾರೂ ಕೇಳಲಿಲ್ಲ, ಕೇಬಲ್ಲಿನ ಗ್ರೌಂಡಿಂಗ್ ಬಗ್ಗೆ ಕೇಳಿದರು. ಅರ್ಧ ಉತ್ತರ ಹೇಳಿದೆ, ಉಳಿದರ್ಧ ಗೊತ್ತಿಲ್ಲ ಎಂದೆ. ಫಲಿತಾಂಶ ಇನ್ನೂ ಬಂದಿಲ್ಲ. ಬರುವ ಭಾನುವಾರ ಮಾವ ಫೌಂಡ್ರಿಯಿಂದ ಒಂದು ಹಳೆಯ ಫಿಲಂ ತಂದುಕೊಡುತ್ತೇನೆ ಎಂದಿದ್ದಾರೆ. ಬಿರುಕು ಯಾವುದು, ಕಲೆ ಯಾವುದು ಎಂದು ಮಕ್ಕಳಿಗೆ ತೋರಿಸಿ, ಅಲ್ಲಿಂದಲೇ ಪಾಠ ಶುರು ಮಾಡಬೇಕೆಂದಿದ್ದೇನೆ.